ವೇದಿಕೆಯ ಗಳಿಕೆ, ವೇದಿಕೆಯ ಖರ್ಚು: ಬೆಂಗಳೂರಿನ ಸ್ವತಂತ್ರ ಬ್ಯಾಂಡುಗಳು

ಸ್ವಂತ ಹಾಡು ಕಟ್ಟಿ, ಕೈಯಿಂದ ದುಡ್ಡು ಹಾಕಿ ಧ್ವನಿಮುದ್ರಿಸಿ, ಎಲ್ಲಿ ಯಾವಾಗ ಎಷ್ಟಕ್ಕೆ ನುಡಿಸಬೇಕೆಂಬುದನ್ನು ತಾನೇ ತೀರ್ಮಾನಿಸುವ ತಂಡಕ್ಕೆ ಸ್ವತಂತ್ರ ಬ್ಯಾಂಡು ಎನ್ನುತ್ತಾರೆ. ತಂಡದಲ್ಲಿ ಮೂವರಿರಬಹುದು, ಏಳೆಂಟು ಮಂದಿಯೂ ಇರಬಹುದು. ಹಿಂದೆ ದೊಡ್ಡ ಧ್ವನಿಮುದ್ರಿಕೆ ಕಂಪನಿ ಇರುವುದಿಲ್ಲ, ಸಿನಿಮಾ ಇರುವುದಿಲ್ಲ. ಗಣೇಶೋತ್ಸವದ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವ ಆರ್ಕೆಸ್ಟ್ರಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ವಾದ್ಯಗಳದ್ದಲ್ಲ. ಎರಡರಲ್ಲೂ ಕೀಬೋರ್ಡು, ಗಿಟಾರು, ಡ್ರಮ್ಸ್ ಇವೆ. ಆರ್ಕೆಸ್ಟ್ರಾ ಹಾಡುವ ಹಾಡನ್ನು ಜನ ಆಗಲೇ ನೂರು ಸಲ ಕೇಳಿರುತ್ತಾರೆ. ಮೊದಲ ಎರಡು ಸ್ವರ ಬಿದ್ದರೆ ಸಾಕು, ಶಿಳ್ಳೆ ಬೀಳುತ್ತದೆ. ಅರ್ಧ ಕೆಲಸವನ್ನು ಸಿನಿಮಾ ಮೊದಲೇ ಮಾಡಿಕೊಟ್ಟಿರುತ್ತದೆ. ಸ್ವತಂತ್ರ ಬ್ಯಾಂಡು ಹಾಗಲ್ಲ. ಯಾರೂ ಕೇಳಿರದ ಹಾಡನ್ನು ಹಾಡಿ, ಅದು ಮುಗಿಯುವವರೆಗೂ ಕೇಳುವವರನ್ನು ಕೂರಿಸಿ, ಮನೆಗೆ ಹೋದ ಮೇಲೂ ಅದು ನೆನಪಿರುವಂತೆ ಮಾಡುವ ಹೊಣೆ ಒಂದೇ ರಾತ್ರಿಯಲ್ಲಿ ಅದರ ತಲೆಯ ಮೇಲೆ ಬರುತ್ತದೆ.

ಈ ಬಗೆಯ ಸಂಗೀತಕ್ಕೆ ಭಾರತದಲ್ಲಿ ಮೊದಮೊದಲು ನೆಲೆ ಕೊಟ್ಟ ಊರುಗಳಲ್ಲಿ ಬೆಂಗಳೂರು ಒಂದು. ದಂಡುಪ್ರದೇಶದ ಚರ್ಚುಗಳು, ಕ್ಲಬ್ಬುಗಳು, ಆಂಗ್ಲೋ-ಇಂಡಿಯನ್ ಮನೆಗಳು ಪಾಶ್ಚಾತ್ಯ ವಾದ್ಯಗಳ ಅಭ್ಯಾಸವನ್ನು ಇಲ್ಲಿ ಬೇರೂರಿಸಿದ್ದವು. 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್‌ನಂಥ ತಂಡಗಳು ಇಲ್ಲಿಂದ ಹೊರಟು ಬೇರೆ ಊರುಗಳಲ್ಲೂ ನುಡಿಸಿದವು. 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಹೆವಿ ಮೆಟಲ್ ತಂಡ ಕ್ರಿಪ್ಟೋಸ್ ಹುಟ್ಟಿದವು. ಮುಂದಿನ ದಶಕದಲ್ಲಿ ಸ್ವರಾತ್ಮ ಮತ್ತು ರಘು ದೀಕ್ಷಿತ್ ಪ್ರಾಜೆಕ್ಟ್ ಕನ್ನಡದ ಸಾಹಿತ್ಯವನ್ನು ಈ ವೇದಿಕೆಗೆ ತಂದವು. ಅಲ್ಲಿಯವರೆಗೆ ಬೆಂಗಳೂರಿನ ರಾಕ್ ಎಂದರೆ ಬಹುಮಟ್ಟಿಗೆ ಇಂಗ್ಲಿಷಿನದಾಗಿತ್ತು. ನಗರದ ಪಶ್ಚಿಮ ಮತ್ತು ದಕ್ಷಿಣ ಭಾಗದ ಕನ್ನಡ ಮನೆಗಳಿಗೆ ಅದು ಕಂಟೋನ್ಮೆಂಟಿನವರ ಗದ್ದಲವಾಗಿಯಷ್ಟೇ ಗೊತ್ತಿತ್ತು.

ಬ್ಯಾಂಡಿಗೆ ವೇದಿಕೆಯಿಂದ ಹಣ ಬರುವ ದಾರಿಗಳು ಕೆಲವೇ. ಒಂದು, ಗೇಟು: ಒಳಗೆ ಬರುವವರು ಕೊಡುವ ದುಡ್ಡಿನಲ್ಲಿ ಪಾಲು. ಜನ ಬಂದರೆ ಉಂಟು, ಮಳೆ ಬಂದರೆ ಇಲ್ಲ. ಎರಡನೆಯದು ಪಬ್ಬು, ರೆಸ್ಟೋರೆಂಟುಗಳು ಕೊಡುವ ನಿಗದಿತ ಸಂಭಾವನೆ. ಮೂರನೆಯದು ಕಂಪನಿಗಳ ವಾರ್ಷಿಕೋತ್ಸವ, ಮದುವೆಯ ಸಂಗೀತ ಸಂಜೆ. ಒಟ್ಟಾಗಿ ಇವನ್ನು ಕಾರ್ಪೊರೇಟ್ ಶೋ ಎನ್ನುವುದುಂಟು. ಇಲ್ಲಿ ಹಣ ಎಲ್ಲಕ್ಕಿಂತ ಹೆಚ್ಚು, ಸ್ವಂತ ಹಾಡಿಗೆ ಜಾಗ ಎಲ್ಲಕ್ಕಿಂತ ಕಡಿಮೆ. ನಾಲ್ಕನೆಯದು ಕಾಲೇಜು ಉತ್ಸವ ಮತ್ತು ಸ್ಪರ್ಧೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಸ್ಟ್ರಾಬೆರಿ ಫೀಲ್ಡ್ಸ್‌ನಂಥ ಸ್ಪರ್ಧೆಗಳಲ್ಲಿ ನುಡಿಸಿಯೇ ಹೆಸರು ಮಾಡಿದ ತಂಡಗಳಿವೆ. ಕೊನೆಯದು ದೊಡ್ಡ ಸಂಗೀತೋತ್ಸವ. 2010ರಲ್ಲಿ ಪುಣೆಯಲ್ಲಿ ಶುರುವಾಗಿ ಮರುವರ್ಷ ಬೆಂಗಳೂರಿಗೂ ಬಂದ ಎನ್‌ಎಚ್‌7 ವೀಕೆಂಡರ್ ಇದಕ್ಕೆ ಉದಾಹರಣೆ. ಉತ್ಸವದಲ್ಲಿ ಒಂದು ತಂಡಕ್ಕೆ ಸಿಗುವುದು ನಲವತ್ತು ನಿಮಿಷವಾದರೂ ಅದು ಸಿಕ್ಕಿತೆಂಬ ಮಾತೇ ಮುಂದಿನ ವರ್ಷದ ಬೇರೆ ಕಾರ್ಯಕ್ರಮಗಳ ದರವನ್ನು ಏರಿಸುತ್ತದೆ.

ಪ್ರದರ್ಶನದ ಖರ್ಚು ಕೊಡುವವರು ಯಾರು ಎಂಬ ಪ್ರಶ್ನೆಗೆ ಕರಾವಳಿಯ ಯಕ್ಷಗಾನದಲ್ಲಿ ಬಹಳ ಹಿಂದೆಯೇ ಎರಡು ಉತ್ತರಗಳು ಸಿಕ್ಕಿದ್ದವು. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಟಿಕೆಟ್ಟು ಮಾರಿ ಆಟ ಆಡುತ್ತವೆ. ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಲ್ಲಿ ಹರಕೆ ಹೊತ್ತವರು ಆಟದ ಖರ್ಚು ಕೊಡುತ್ತಾರೆ, ನೋಡುವವರಿಗೆ ಪುಕ್ಕಟೆ. ಇಂದು ಹರಕೆ ಆಟಗಳು ವರ್ಷಗಟ್ಟಲೆ ಮುಂಚಿತವಾಗಿ ಗೊತ್ತಾಗಿರುತ್ತವೆ. ಡೇರೆ ಮೇಳಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಟಿಕೆಟ್ಟಿನ ದುಡ್ಡೊಂದನ್ನೇ ನಂಬಿ ಹತ್ತಾರು ಜನರ ತಂಡ ಬದುಕುವುದು ಕಷ್ಟವೆಂಬುದು ಅಲ್ಲಿ ಆಗಲೇ ಸಿದ್ಧವಾಗಿದೆ. ಬ್ಯಾಂಡಿಗೆ ಹರಕೆ ಹೊರುವವರಿಲ್ಲ. ಆ ಜಾಗದಲ್ಲಿ ಮದ್ಯದ ವ್ಯಾಪಾರ ನಿಂತಿದೆ. ಪಬ್ಬಿನ ಮಾಲೀಕರಿಗೆ ಹಾಡು ಮಾರಾಟದ ಸರಕಲ್ಲ, ಗಿರಾಕಿ ಇನ್ನೊಂದು ಗಂಟೆ ಕೂತಿರಲಿ ಎಂಬುದಕ್ಕೆ ಮಾಡುವ ಖರ್ಚು. ಹಾಗಾಗಿ ಕ್ರಿಕೆಟ್ ಪಂದ್ಯವಿರುವ ಶುಕ್ರವಾರ ಬ್ಯಾಂಡಿಗೆ ರಜೆ.

ಒಂದು ರಾತ್ರಿಯ ಲೆಕ್ಕವನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇಲ್ಲಿನ ಮೊತ್ತಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ತಂಡದಿಂದ ತಂಡಕ್ಕೆ ಅವು ಬದಲಾಗುತ್ತವೆ. ಐವರ ತಂಡಕ್ಕೆ ಒಂದು ಪಬ್ಬು 40,000 ರೂಪಾಯಿ ಒಪ್ಪಿದೆ ಎನ್ನೋಣ. ಅದರಲ್ಲಿ ಶೇ. 10, ಅಂದರೆ 4,000 ರೂಪಾಯಿ, ಟಿಡಿಎಸ್ ಎಂದು ಮೂಲದಲ್ಲೇ ಕಡಿತವಾಗುತ್ತದೆ. ರಿಟರ್ನ್ಸ್ ಸಲ್ಲಿಸಿದ ಮೇಲೆ ಅದು ವಾಪಸು ಬರಬಹುದು, ಆದರೆ ಆ ರಾತ್ರಿ ಕೈಯಲ್ಲಿರುವುದಿಲ್ಲ. ಕಾರ್ಯಕ್ರಮ ಗೊತ್ತುಮಾಡಿದ ಮ್ಯಾನೇಜರಿಗೆ 4,000. ತಂಡ ತಾನೇ ಕರೆತಂದ ಸೌಂಡ್ ಇಂಜಿನಿಯರಿಗೆ 5,000. ಡ್ರಮ್ಮಿನ ಸಿಂಬಲ್ಲು, ಆಂಪ್ಲಿಫೈಯರುಗಳನ್ನು ಹೊತ್ತೊಯ್ಯುವ ಗಾಡಿಗೆ 3,000. ಮೂರು ಮೂರು ಗಂಟೆಯ ನಾಲ್ಕು ಅಭ್ಯಾಸಕ್ಕೆ ಜ್ಯಾಮ್ ರೂಮಿನ ಬಾಡಿಗೆ, ಗಂಟೆಗೆ 500ರಂತೆ, 6,000. ತಂತಿ, ಡ್ರಮ್ ಕಡ್ಡಿ, ಬ್ಯಾಟರಿ ಇತ್ಯಾದಿಗೆ 1,500. ಒಟ್ಟು 23,500 ಹೋಗಿ 16,500 ಉಳಿಯಿತು. ತಲೆಗೆ 3,300. ಪ್ರತಿಯೊಬ್ಬರೂ ಅಭ್ಯಾಸಕ್ಕೆ ಹನ್ನೆರಡು ಗಂಟೆ, ಕಾರ್ಯಕ್ರಮದ ದಿನ ಸಂಜೆ ನಾಲ್ಕರಿಂದ ನಡುರಾತ್ರಿಯವರೆಗೆ ಎಂಟು ಗಂಟೆ ಕೊಟ್ಟಿದ್ದಾರೆ. ಗಂಟೆಗೆ 165 ರೂಪಾಯಿ ಬಿತ್ತು. ಹಾಡು ಬರೆದ ತಿಂಗಳುಗಳು, ಗಿಟಾರಿನ ಬೆಲೆ, ಅದನ್ನು ಕಲಿತ ವರ್ಷಗಳು ಈ ಲೆಕ್ಕದೊಳಗೆ ಬಂದೇ ಇಲ್ಲ. ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಹಣದ ಮೊತ್ತಕ್ಕಿಂತ ಪಾವತಿಯ ಸರದಿ. ತೆರಿಗೆ, ಗಾಡಿ, ಬಾಡಿಗೆ, ಸೌಂಡಿನವರು ಎಲ್ಲರ ಬಾಬ್ತು ಮೊದಲು ಚುಕ್ತಾ ಆಗುತ್ತದೆ. ಹಾಡಿದವರದ್ದು ಕೊನೆಯ ಸರದಿ. ಎಷ್ಟೋ ಕಡೆ ಆ ಸರದಿ ಬರುವುದು ಎರಡು ತಿಂಗಳು ಕಳೆದು, ನಾಲ್ಕಾರು ಫೋನು ಮಾಡಿದ ಮೇಲೆ.

ಹೊರಊರಿನ ಕಾರ್ಯಕ್ರಮವಾದರೆ ಲೆಕ್ಕ ಇನ್ನೂ ಬಿಗಿ. ದೇಶದೊಳಗಿನ ವಿಮಾನದ ಸಾಮಾನ್ಯ ಟಿಕೆಟ್ಟಿಗೆ ಬಿಡುವ ಸಾಮಾನು 15 ಕಿಲೋ. ಎಂಬತ್ತೆಂಟು ಮನೆಯ ಡಿಜಿಟಲ್ ಪಿಯಾನೊ ಪೆಟ್ಟಿಗೆ ಸಮೇತ ಆ ಮಿತಿಯನ್ನು ದಾಟುತ್ತದೆ. ಡ್ರಮ್ಮರು ತನ್ನ ಸ್ನೇರು, ಸಿಂಬಲ್ಲು, ಪೆಡಲುಗಳನ್ನಷ್ಟೇ ಒಯ್ದು ಉಳಿದದ್ದನ್ನು ಅಲ್ಲಿನವರೇ ಒದಗಿಸಲಿ ಎಂದು ಪಟ್ಟಿ ಕಳಿಸುತ್ತಾನೆ. ರೈಡರ್ ಎನ್ನುವ ಈ ಪಟ್ಟಿಯಲ್ಲಿ ಎಷ್ಟು ಮೈಕು, ಎಷ್ಟು ಮಾನಿಟರು, ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದೆಲ್ಲ ಚಿತ್ರ ಸಮೇತ ಇರುತ್ತದೆ. ಅದನ್ನು ಓದುವ ಆಯೋಜಕರು ಸಿಕ್ಕರೆ ತಂಡದ ಪುಣ್ಯ.

ಈ ಹಣಕಾಸಿನ ಬಿಕ್ಕಟ್ಟು ಬೆಂಗಳೂರಿಗೆ ಸೀಮಿತವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮೂಲವನ್ನು ತೋರಿಸಿದರು. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಅದೇ ಜನ ಅದೇ ಸಮಯದಲ್ಲಿ ಹೆಚ್ಚು ಸರಕು ತಯಾರಿಸುತ್ತಾರೆ, ಅದರಿಂದ ಕೂಲಿಯೂ ಏರುತ್ತದೆ. ನಾಲ್ವರು ಅರ್ಧ ಗಂಟೆ ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರು ಬೇಕಿತ್ತು, ಅರ್ಧ ಗಂಟೆ ಬೇಕಿತ್ತು, ಇಂದೂ ಅಷ್ಟೇ. ಕಲಾವಿದರ ಬಾಡಿಗೆ, ದಿನಸಿ ಮಾತ್ರ ಉಳಿದ ಸಮಾಜದ ವೇಗದಲ್ಲೇ ಏರುತ್ತದೆ. ಆದ್ದರಿಂದ ಪ್ರದರ್ಶನ ಕಲೆ ಯಾವ ಕಾಲಕ್ಕೂ ಹೊರಗಿನ ಆಸರೆ ಬೇಡುತ್ತದೆ ಎಂಬುದು ಅವರ ವಾದ. ಮೈಸೂರು ಅರಮನೆಯ ವಿದ್ವಾಂಸರಿಗೆ ಆ ಆಸರೆ ದೊರೆಯಿಂದ ಸಿಕ್ಕಿತ್ತು, ಆಕಾಶವಾಣಿಯ ನಿಲಯದ ಕಲಾವಿದರಿಗೆ ಸರ್ಕಾರದಿಂದ.

ಧ್ವನಿಮುದ್ರಿಕೆ ಈ ಕೊರತೆಯನ್ನು ಕೆಲವು ದಶಕ ಮುಚ್ಚಿಟ್ಟಿತು. ಒಮ್ಮೆ ಹಾಡಿದ್ದನ್ನು ಲಕ್ಷ ಸಲ ಮಾರಬಹುದಿತ್ತು. ಕಛೇರಿ, ಪ್ರವಾಸಗಳು ಕ್ಯಾಸೆಟ್ಟಿನ ಪ್ರಚಾರಕ್ಕೆ. ಅಂತರ್ಜಾಲ ಬಂದ ಮೇಲೆ ಸಂಬಂಧ ತಿರುವುಮುರುವಾಯಿತು. ಮುಂದೆ ಸಂಗೀತ ನಲ್ಲಿ ನೀರಿನಂತೆ ಹರಿಯುತ್ತದೆ, ಕಲಾವಿದರಿಗೆ ಉಳಿಯುವುದು ಊರೂರು ಸುತ್ತಿ ಹಾಡುವ ಕೆಲಸವೊಂದೇ ಎಂಬರ್ಥದ ಮಾತನ್ನು ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ 2002ರಲ್ಲೇ ಆಡಿದ್ದರು. ಈಗ ಹಾಡು ವೇದಿಕೆಯ ಪ್ರಚಾರಕ್ಕೆ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಏನೂ ಕೊಡುವುದಿಲ್ಲ. ಆದರೆ ವೇದಿಕೆಯ ಹಣವೂ ಸಮನಾಗಿ ಹಂಚಿಕೆಯಾಗುತ್ತಿಲ್ಲ. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 2019ರ ತಮ್ಮ ಪುಸ್ತಕದಲ್ಲಿ ಕೊಟ್ಟ ಲೆಕ್ಕದಂತೆ, ಸಂಗೀತ ಕಾರ್ಯಕ್ರಮಗಳ ಒಟ್ಟು ಆದಾಯದಲ್ಲಿ ಮೇಲಿನ ಶೇ. 1 ಕಲಾವಿದರ ಪಾಲು 1982ರಲ್ಲಿ ಶೇ. 26 ಇದ್ದದ್ದು 2017ರಲ್ಲಿ ಶೇ. 60 ಆಗಿತ್ತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿದೇಶಿ ಹೆವಿ ಮೆಟಲ್ ತಂಡಗಳಾದ ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ನುಡಿಸಿದಾಗ ಬೇರೆ ರಾಜ್ಯಗಳಿಂದಲೂ ಜನ ರೈಲು ಹತ್ತಿ ಬಂದರು. ಅದೇ ಸಂಗೀತವನ್ನು ನುಡಿಸುವ ಊರಿನ ತಂಡಕ್ಕೆ ಐವತ್ತು ಜನ ಸೇರಿದರೆ ಒಳ್ಳೆಯ ರಾತ್ರಿ.

ಹಣದ ಲೆಕ್ಕದಾಚೆಗಿನ ಖರ್ಚುಗಳಲ್ಲಿ ಮೊದಲನೆಯದು ಕಾಯುವಿಕೆ. ಸೌಂಡ್ ಚೆಕ್ ಎಂಬ ಕ್ರಿಯೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ನಾಲ್ಕಕ್ಕೆ ಬನ್ನಿ ಎಂದವರು ಮಿಕ್ಸರು ಬಿಚ್ಚುವಾಗ ಐದೂವರೆ. ಡ್ರಮ್ಮರು ಒಂದೊಂದೇ ಡ್ರಮ್ಮನ್ನು ಬಡಿಯುತ್ತಾನೆ, ಮೊದಲು ಕಿಕ್, ಆಮೇಲೆ ಸ್ನೇರ್, ಟಾಮ್; ಇಂಜಿನಿಯರ್ ಸಾಕು ಎನ್ನುವವರೆಗೆ ಒಂದೇ ಏಟು, ಮತ್ತೆ ಮತ್ತೆ. ಬಳಿಕ ಬೇಸ್, ಗಿಟಾರು, ಕೊನೆಗೆ ಹಾಡುವವರ ಮೈಕು. ಅಷ್ಟರಲ್ಲಿ ಗಿರಾಕಿಗಳು ಬಂದು ಕೂತಿರುತ್ತಾರೆ, ಮಾಲೀಕರು ಇನ್ನು ನಿಲ್ಲಿಸಿ ಎನ್ನುತ್ತಾರೆ. ಹಾಡುವವರಿಗೆ ಅವರದೇ ದನಿ ಕೇಳಿಸುವ ಮಾನಿಟರನ್ನು ಸರಿಮಾಡುವ ಸರದಿ ಬರುವುದೇ ಇಲ್ಲ. ಒಂಬತ್ತಕ್ಕೆ ವೇದಿಕೆ ಹತ್ತಿದಾಗ ಡ್ರಮ್ಮಿನ ಸದ್ದಿನಲ್ಲಿ ಕೊರಳು ಮುಳುಗುತ್ತದೆ. ಕೇಳಿಸದ ದನಿಯನ್ನು ಎತ್ತಿ ಎತ್ತಿ ಮೂರನೆಯ ಹಾಡಿಗೇ ಗಂಟಲು ಕಟ್ಟುತ್ತದೆ.

ಕಿವಿಯ ಖರ್ಚು ನಿಧಾನವಾಗಿ ಗೊತ್ತಾಗುವಂಥದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೂ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ ಎಂಬುದು ಔದ್ಯೋಗಿಕ ಆರೋಗ್ಯದಲ್ಲಿ ಬಳಕೆಯಲ್ಲಿರುವ ಒಂದು ಸೂತ್ರ. ಆ ಪ್ರಕಾರ 100 ಡೆಸಿಬೆಲ್‌ಗೆ ಸಿಗುವುದು ಹದಿನೈದು ನಿಮಿಷ. ತಗ್ಗು ಚಾವಣಿಯ ಪಬ್ಬಿನ ಮೂಲೆಯಲ್ಲಿ ಸಿಂಬಲ್ಲಿನ ಪಕ್ಕ ನಿಂತವರು ಅಷ್ಟನ್ನು ಮೊದಲ ಎರಡು ಮೂರು ಹಾಡುಗಳಲ್ಲೇ ಮುಗಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆಂದು ಪ್ರಕಟಿಸಿದ ಮಾನದಂಡ ಸರಾಸರಿ 100 ಡೆಸಿಬೆಲ್ಲನ್ನು ಮೇಲ್ಮಿತಿಯಾಗಿಟ್ಟಿದೆ. ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಡೆಗಳು ಸಿಗುತ್ತವೆ, ಬೆಲೆಯೂ ಭಾರವಲ್ಲ. ಆದರೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಖಾಯಂ ಆದ ಮೇಲೆ ಕೊಳ್ಳುವವರೇ ಹೆಚ್ಚು. ಹೆಂಗಸರಿಗೆ ಇನ್ನೊಂದು ಖರ್ಚಿದೆ: ನಡುರಾತ್ರಿಯ ಮೇಲೆ ಮನೆ ಸೇರುವುದು. ಗಾಡಿ, ಜೊತೆ, ಮನೆಯವರ ಒಪ್ಪಿಗೆ ಮೂರನ್ನೂ ಪ್ರತಿ ಸಲ ಹೊಂದಿಸಬೇಕು. ಬ್ಯಾಂಡುಗಳಲ್ಲಿ ವಾದ್ಯ ನುಡಿಸುವ ಹೆಂಗಸರು ಕಡಿಮೆ ಇರುವುದಕ್ಕೆ ಅಭಿರುಚಿಗಿಂತ ಈ ಲೆಕ್ಕವೇ ದೊಡ್ಡ ಕಾರಣವಿರಬಹುದು.

ಕಾನೂನು ವೇದಿಕೆಯ ಆಕಾರವನ್ನೇ ಬದಲಿಸಬಲ್ಲದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿಯಿದೆ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಬೆಂಗಳೂರಿನಲ್ಲಿ ಇದರ ಜೊತೆಗೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಕುರಿತ 2005ರ ಪೊಲೀಸ್ ಆದೇಶವಿದೆ. ಬಾರುಗಳಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ದಂಧೆಯನ್ನು ಹತೋಟಿಗೆ ತರುವುದು ಅದರ ಹಿಂದಿದ್ದ ಮುಖ್ಯ ಚಿಂತೆ. ಆ ದಂಧೆಗೆ ಊರಿನಲ್ಲಿ ಲೈವ್ ಬ್ಯಾಂಡ್ ಎಂದೇ ಹೆಸರು ಬಿದ್ದಿತ್ತು, ಆದೇಶದಲ್ಲಿಯೂ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋ ಮೂರೂ ಒಂದೇ ಸಾಲಿಗೆ ಸೇರಿದವು. ಹಾಗಾಗಿ ಗಿಟಾರು ಹಿಡಿದು ಸ್ವಂತ ಹಾಡು ಹಾಡುವ ತಂಡವೂ ಅದೇ ಬಲೆಗೆ ಬಿತ್ತು. ರೆಸ್ಟೋರೆಂಟುಗಳ ಸಂಘ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರ ಜನವರಿಯಲ್ಲಿ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಪೊಲೀಸರು ಪರವಾನಗಿ ಕೇಳಲು ಶುರುಮಾಡಿದಾಗ ಅದೇ ವರ್ಷ ಎಷ್ಟೋ ಪಬ್ಬುಗಳು ವೇದಿಕೆಯನ್ನೇ ತೆಗೆದು ಮೇಜು ಹಾಕಿದವು. ಪರವಾನಗಿಗೆ ಕಟ್ಟಡದ ಸ್ವಾಧೀನಾನುಭವ ಪತ್ರ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಇಂದಿರಾನಗರ, ಕೋರಮಂಗಲದ ಹಳೆಯ ಮನೆಗಳನ್ನು ಪಬ್ಬು ಮಾಡಿದ ಕಡೆ ಅವು ಸುಲಭಕ್ಕೆ ಸಿಗುವ ಕಾಗದಗಳಲ್ಲ. ಪಕ್ಕದ ಮನೆಯವರ ನಿದ್ದೆಯ ದೂರೂ ಸುಳ್ಳಲ್ಲ. ವಸತಿ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಡ್ರಮ್ಸ್ ಬಾರಿಸುವ ಹಕ್ಕು ಯಾವ ಕಲೆಗೂ ಇಲ್ಲ. ಸ್ವಂತ ಹಾಡಿನ ತಂಡಗಳಿಗೆ ಬಾಗಿಲು ತೆರೆದಿಟ್ಟಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಲ್ಲಿ ಆರಂಭವಾಗಿ 2019ರಲ್ಲಿ ಮುಚ್ಚಿತು. ಮುಂದಿನ ವರ್ಷ ಕೋವಿಡ್ ಬಂದು ಎಲ್ಲ ವೇದಿಕೆಗಳೂ ಬಂದ್ ಆದವು.

ತೆರಿಗೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಕಲಾವಿದರ ಪ್ರದರ್ಶನಕ್ಕೆ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ರಾಕ್ ಬ್ಯಾಂಡಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಅದರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಿ ಶೇ. 18 ಸೇರಿಸಬೇಕು. ತತ್ವಪದವನ್ನು ತಂಬೂರಿಯಲ್ಲಿ ಹಾಡಿದರೆ ಜಾನಪದ, ಅದನ್ನೇ ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಡಿದರೆ ಏನು ಎಂಬುದಕ್ಕೆ ಲೆಕ್ಕಪರಿಶೋಧಕರೂ ತಲೆ ಕೆರೆದುಕೊಳ್ಳುತ್ತಾರೆ.

ತತ್ವಪದದ ಮಾತು ಬಂದದ್ದರಿಂದ ಹಕ್ಕಿನ ವಿಚಾರವನ್ನೂ ಇಲ್ಲೇ ನೋಡಬಹುದು. ಭಾರತದಲ್ಲಿ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಕೃತಿಸ್ವಾಮ್ಯ ಕರ್ತೃವಿನ ನಿಧನಾನಂತರ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಎಲ್ಲರ ಸೊತ್ತು. ಆದರೆ ಅವೇ ಪದಗಳಿಗೆ ಸಿ. ಅಶ್ವತ್ಥ್ ಹಾಕಿದ ಧಾಟಿಗಳು ಹಾಗಲ್ಲ, ಅವರು ನಿಧನರಾದದ್ದು 2009ರಲ್ಲಿ. ಕನ್ನಡಿಗರ ಕಿವಿಯಲ್ಲಿ ಶರೀಫರೆಂದರೆ ಅಶ್ವತ್ಥರ ಧಾಟಿಯೇ ಆಗಿರುವುದರಿಂದ ಅದು ಪಾರಂಪರಿಕವೆಂದೇ ಎಷ್ಟೋ ತಂಡಗಳು ತಿಳಿಯುತ್ತವೆ. ಬೇರೆಯವರ ಕೃತಿಯನ್ನು ಸಾರ್ವಜನಿಕವಾಗಿ ಹಾಡಿದರೆ ಸಲ್ಲಬೇಕಾದ ಶುಲ್ಕವನ್ನು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಎಂಬ ಸಂಸ್ಥೆ ಸಂಗ್ರಹಿಸಿ ಕವಿ, ಸಂಯೋಜಕರು ಮತ್ತು ಪ್ರಕಾಶಕರಿಗೆ ಹಂಚುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಈ ಪಾಲನ್ನು ಕವಿ, ಸಂಯೋಜಕರಿಂದ ಕಂಪನಿಗಳು ಬರೆಸಿಕೊಳ್ಳದಂತೆ ತಡೆಯಿತು. ಸ್ವಂತ ಹಾಡು ಹಾಡುವ ಬ್ಯಾಂಡಿನ ಸದಸ್ಯರೂ ನೋಂದಾಯಿಸಿಕೊಂಡು, ಯಾವ ರಾತ್ರಿ ಯಾವ ಹಾಡು ಹಾಡಿದರೆಂಬ ಪಟ್ಟಿ ಕೊಟ್ಟರೆ ತಮ್ಮ ಪಾಲು ಕೇಳಬಹುದು. ಪಟ್ಟಿ ಕೊಡುವ ತಾಳ್ಮೆಯುಳ್ಳವರು ಕಡಿಮೆ.

ಇಷ್ಟೆಲ್ಲ ಖರ್ಚಿಟ್ಟುಕೊಂಡು ತಂಡಗಳು ವೇದಿಕೆ ಹತ್ತುವುದು ಹುಂಬತನದಿಂದಲ್ಲ. ಬೇರೆಲ್ಲೂ ಸಿಗದ ಕೆಲವು ಸಂಗತಿಗಳು ಅಲ್ಲಿ ಸಿಗುತ್ತವೆ. ಹಾಡು ಜ್ಯಾಮ್ ರೂಮಿನಲ್ಲಿ ಪೂರ್ತಿಯಾಗುವುದಿಲ್ಲ. ಎರಡನೆಯ ಚರಣದ ಬಳಿಕ ಬರುವ ಗಿಟಾರ್ ಭಾಗ ನಾಲ್ಕು ಆವರ್ತ ಹೆಚ್ಚಾಯಿತೆಂಬುದು ಐವರಲ್ಲಿ ಯಾರಿಗೂ ಹೊಳೆದಿರುವುದಿಲ್ಲ. ಜನರ ಮುಂದೆ ನುಡಿಸುವಾಗ ಹಿಂದಿನ ಸಾಲಿನವರು ಮೊಬೈಲು ತೆಗೆದದ್ದು ಕಂಡ ಕೂಡಲೇ ತಿಳಿಯುತ್ತದೆ. ಹೀಗೆ ಹತ್ತಾರು ಸಲ ಹಾಡಿ, ಕತ್ತರಿಸಿ, ವೇಗ ತಿದ್ದಿದ ಮೇಲೆ ಸ್ಟುಡಿಯೊಗೆ ಹೋದರೆ ಧ್ವನಿಮುದ್ರಣದ ಬಾಡಿಗೆಯೂ ಉಳಿಯುತ್ತದೆ. ಸದಸ್ಯರ ನಡುವಣ ಹೊಂದಾಣಿಕೆಯೂ ಅಲ್ಲೇ ಕೂಡಿಬರುವುದು. ತಂತಿ ಹರಿದಾಗ ಕೀಬೋರ್ಡಿನವರು ಮಾತಿಲ್ಲದೆ ಆ ಜಾಗ ತುಂಬುವುದು, ಹಾಡುವವರು ಸಾಲು ಮರೆತಾಗ ಡ್ರಮ್ಮರು ಒಂದು ಸುತ್ತು ಎಳೆಯುವುದು ಅಭ್ಯಾಸದ ಕೋಣೆಯಲ್ಲಿ ಕಲಿಯಲಾಗದ ವಿದ್ಯೆ.

ಎರಡನೆಯ ಲಾಭ ಕೇಳುಗರು. ಕನ್ನಡದಲ್ಲಿ ಹಾಡುವ ಬ್ಯಾಂಡುಗಳ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಧ್ವನಿಮುದ್ರಿಕೆ ಕಂಪನಿಗಳಿಗೆ ಸಿನಿಮಾ ಅಲ್ಲದ, ಭಾವಗೀತೆಯೂ ಅಲ್ಲದ ಕನ್ನಡದ ಹಾಡನ್ನು ಯಾವ ಕಪಾಟಿನಲ್ಲಿಡಬೇಕೆಂದು ಗೊತ್ತಿರಲಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಹಾಡುಗಳು ವರ್ಷಗಟ್ಟಲೆ ವೇದಿಕೆಯಲ್ಲೇ ಬಾಳಿದವು. ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ವಿಶಾಲ್-ಶೇಖರ್ ಜೋಡಿಯ ಹೊಸ ಲೇಬಲ್ಲಿನಿಂದ. ಆಮೇಲೆ 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಶರೀಫರ ಪದ ಕನ್ನಡದ ಒಂದಕ್ಷರ ಬಾರದ ಇಂಗ್ಲೆಂಡಿನ ಜನರ ಮುಂದೆ ನಿಂತದ್ದು ವೇದಿಕೆಯ ಬಲದಿಂದ. ಸ್ವರಾತ್ಮ 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ಸೌಂಡ್‌ಪ್ಯಾಡ್ ಯೋಜನೆಯಲ್ಲಿ ಆಯ್ಕೆಯಾದ ನಾಲ್ಕು ಭಾರತೀಯ ತಂಡಗಳಲ್ಲೊಂದಾಗಿ ಬ್ರಿಟನ್ನಿಗೆ ಹೋಯಿತು. ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ಮೆಟಲ್ ಉತ್ಸವ ವಾಕನ್ ಓಪನ್ ಏರ್‌ನಲ್ಲಿ ನುಡಿಸಿತು. ಊರಿನಲ್ಲಿ ನೂರು ಜನರ ಕೋಣೆ ತುಂಬಿಸಲು ಪರದಾಡುವ ಮೆಟಲ್ ತಂಡಕ್ಕೆ ಯುರೋಪಿನಲ್ಲಿ ಬೇಸಿಗೆಯಿಡೀ ನಡೆಯುವ ಉತ್ಸವಗಳ ಸರಣಿ ಸಿಗುತ್ತದೆ. ಆದರೆ ವೀಸಾ, ವಿಮಾನ, ವ್ಯಾನಿನ ಬಾಡಿಗೆ ಕಳೆದು ಊರಿಗೆ ಮರಳುವಾಗ ಕೈಯಲ್ಲಿರುವುದು ಹೆಚ್ಚಾಗಿ ಟೀ ಶರ್ಟು ಮಾರಿದ ಹಣ. ವೇದಿಕೆಯ ಪಕ್ಕ ಮೇಜು ಹಾಕಿ ಮಾರುವ ಅಂಗಿ, ಸಿ.ಡಿ., ಗ್ರಾಮಫೋನ್ ತಟ್ಟೆಗಳೇ ಸಣ್ಣ ತಂಡಗಳ ಡೀಸೆಲ್ ಖರ್ಚು ತೂಗಿಸುವುದು.

ಹೊರಗಿನ ಆಸರೆ ಇಲ್ಲದ ಕಡೆ ತಂಡದವರೇ ತಮಗೆ ತಾವು ಆಶ್ರಯದಾತರು. ಬೆಂಗಳೂರಿನ ಬ್ಯಾಂಡುಗಳ ದೊಡ್ಡ ಪೋಷಕರು ಯಾರೆಂದು ಕೇಳಿದರೆ ಸಾಫ್ಟ್‌ವೇರ್ ಕಂಪನಿಗಳ ಸಂಬಳ ಎನ್ನಬೇಕಾಗುತ್ತದೆ. ಹಗಲು ಕೋಡು ಬರೆದು ರಾತ್ರಿ ಬೇಸ್ ನುಡಿಸುವವರ ಸಂಬಳದಲ್ಲೇ ಆಂಪ್ಲಿಫೈಯರು ಬರುತ್ತದೆ, ಆಲ್ಬಂ ಬರುತ್ತದೆ. ಅವರ ರಜೆಯ ಲೆಕ್ಕವೇ ತಂಡದ ಪ್ರವಾಸದ ಲೆಕ್ಕ. ಸಂಬಳ ಬಿಟ್ಟು ಪೂರ್ಣಾವಧಿ ಸಂಗೀತಕ್ಕೆ ಇಳಿದವರಿಗೆ ಪಾಠವೇ ಮುಖ್ಯ ಜೀವನೋಪಾಯ. ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದವರು ಟಾಕಾಡೆಮಿ ಎಂಬ ಸಂಗೀತ ಶಾಲೆಯನ್ನೇ ಕಟ್ಟಿದರು. ಜಾಹೀರಾತಿನ ಜಿಂಗಲ್, ಸಿನಿಮಾದ ಹಿನ್ನೆಲೆ ಸಂಗೀತ, ಇನ್ನೊಬ್ಬರ ಹಾಡಿಗೆ ಗಿಟಾರು, ಇವೆಲ್ಲ ಉಳಿದ ಕೊರತೆ ತುಂಬುತ್ತವೆ. 1990ರ ದಶಕದಲ್ಲಿ ಆರಂಭವಾದ, ಸ್ವಾತಂತ್ರ್ಯೋತ್ಸವದ ಸುಮಾರಿಗೆ ನಡೆಯುವ ಫ್ರೀಡಮ್ ಜ್ಯಾಮ್‌ನಂಥ ಉಚಿತ ಉತ್ಸವಗಳಲ್ಲಿ ತಂಡಗಳು ಸಂಭಾವನೆ ಕೇಳದೆ ನುಡಿಸಿದ್ದೂ ಈ ಸ್ವಯಂಪೋಷಣೆಯ ಇನ್ನೊಂದು ಮುಖ. ಈಚೆಗೆ ಮನೆಯ ಹಜಾರದಲ್ಲಿ, ತಾರಸಿಯಲ್ಲಿ ನಲವತ್ತು ಐವತ್ತು ಜನರಿಗೆ ನಡೆಸುವ ಕಛೇರಿಗಳೂ ರೂಢಿಗೆ ಬಂದಿವೆ. ಅಲ್ಲಿ ಮದ್ಯದ ವ್ಯಾಪಾರ ಇಲ್ಲ, ಮಾತಾಡುವವರಿಲ್ಲ, ಬಂದ ಹಣದಲ್ಲಿ ಬಹುಪಾಲು ತಂಡಕ್ಕೆ. ಡ್ರಮ್ಸ್ ಮಾತ್ರ ತರುವಂತಿಲ್ಲ.

ಬೇರೆ ಕೆಲವು ದೇಶಗಳಲ್ಲಿ ಈ ಪೋಷಣೆಯ ಹೊಣೆಯನ್ನು ವೈಯಕ್ತಿಕ ತ್ಯಾಗಕ್ಕೆ ಬಿಟ್ಟಿಲ್ಲ. ಫ್ರಾನ್ಸಿನಲ್ಲಿ ಜನಪ್ರಿಯ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಆದಾಯದ ಮೇಲೆ ಶೇ. 3.5ರ ಸುಂಕವಿದ್ದು, ಆ ಹಣ ರಾಷ್ಟ್ರೀಯ ಸಂಗೀತ ಕೇಂದ್ರದ ಮೂಲಕ ಸಂಗೀತ ಕ್ಷೇತ್ರಕ್ಕೇ ಮರಳುತ್ತದೆ. ಬ್ರಿಟನ್ನಿನಲ್ಲಿ 2014ರಲ್ಲಿ ಹುಟ್ಟಿದ ಮ್ಯೂಸಿಕ್ ವೆನ್ಯೂ ಟ್ರಸ್ಟ್, 2023 ಒಂದೇ ವರ್ಷದಲ್ಲಿ 125 ಸಣ್ಣ ಸಂಗೀತ ಸ್ಥಳಗಳು ಮುಚ್ಚಿದವು ಇಲ್ಲವೇ ಸಂಗೀತ ನಿಲ್ಲಿಸಿದವು ಎಂದು ಲೆಕ್ಕ ಕೊಟ್ಟು, ದೊಡ್ಡ ಕ್ರೀಡಾಂಗಣಗಳ ಪ್ರತಿ ಟಿಕೆಟ್ಟಿನಿಂದ ಸ್ವಲ್ಪ ಹಣ ಸಣ್ಣ ಸ್ಥಳಗಳಿಗೆ ಬರಬೇಕೆಂದು ಒತ್ತಾಯಿಸಿತು. ಕೋಲ್ಡ್‌ಪ್ಲೇ ತಂಡ ತನ್ನ 2025ರ ಬ್ರಿಟನ್ ಕಾರ್ಯಕ್ರಮಗಳ ಗಳಿಕೆಯಲ್ಲಿ ಶೇ. 10 ಅನ್ನು ಈ ಟ್ರಸ್ಟಿಗೆ ಕೊಡುವುದಾಗಿ ಘೋಷಿಸಿತು. ಕರ್ನಾಟಕದಲ್ಲಿ ಸರ್ಕಾರದ ಹಣ ಸಂಗೀತಕ್ಕೆ ಹರಿಯುವುದು ಮುಖ್ಯವಾಗಿ ಹಂಪಿ ಉತ್ಸವ, ಯುವ ದಸರಾದಂಥ ದೊಡ್ಡ ವೇದಿಕೆಗಳ ಮೂಲಕ. ಅಲ್ಲಿ ಹೊಸ ತಂಡಕ್ಕೆ ಸಂಜೆಯ ಬಿಸಿಲಲ್ಲಿ ಒಂದು ಗಂಟೆ ಸಿಕ್ಕರೆ, ಜನ ಸೇರುವ ಹೊತ್ತು ಮುಂಬೈಯ ಸಿನಿಮಾ ಗಾಯಕರದ್ದು. ಇನ್ನೂರು ಆಸನದ, ಒಳ್ಳೆಯ ಧ್ವನಿವ್ಯವಸ್ಥೆಯ, ವಸತಿ ಬೀದಿಯಿಂದ ದೂರವಿರುವ ಸಾರ್ವಜನಿಕ ಸಭಾಂಗಣಗಳು ನಾಲ್ಕಾರು ಇದ್ದಿದ್ದರೆ ಮೇಲೆ ಹೇಳಿದ ಖರ್ಚುಗಳಲ್ಲಿ ಅರ್ಧ ಇಳಿಯುತ್ತಿದ್ದವು.

ತಂಡಗಳು ಒಡೆಯುವುದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ, ಹಣ ಬಂದಾಗಲೂ ಒಡೆಯುತ್ತವೆ. ಹಾಡು ಬರೆದವರು ಒಬ್ಬರು, ಧಾಟಿ ಇಬ್ಬರದು, ವಾದ್ಯಸಂಯೋಜನೆ ಐವರದೂ ಆಗಿರುವಾಗ ಪಾಲು ಹೇಗೆ ಎಂಬ ಮಾತನ್ನು ಗೆಳೆತನದ ದಾಕ್ಷಿಣ್ಯಕ್ಕೆ ಯಾರೂ ಎತ್ತುವುದಿಲ್ಲ. ಡ್ರಮ್ಮರು ಮದುವೆಯಾಗಿ ಬೇರೆ ಊರಿಗೆ ಹೋದಾಗ, ಹಾಡುವವರಿಗೆ ಸಿನಿಮಾದ ಕರೆ ಬಂದಾಗ ಆ ಮಾತು ಏಳುತ್ತದೆ. ತಂಡದ ಹೆಸರು ಯಾರದು, ಹಳೆಯ ಹಾಡನ್ನು ಹೊಸ ತಂಡದೊಂದಿಗೆ ಹಾಡಬಹುದೇ, ಸಾಲ ಮಾಡಿ ತಂದ ಮಿಕ್ಸರಿನ ಕಂತು ಯಾರು ಕಟ್ಟಬೇಕು ಎಂಬ ಪ್ರಶ್ನೆಗಳು ಒಟ್ಟಿಗೇ ಮುಂದೆ ಬರುತ್ತವೆ. ಅನುಭವಿ ತಂಡಗಳು ಈಗ ಪಾಲುದಾರಿಕೆ ಪತ್ರ ಮಾಡಿಸಿ, ತಂಡದ ಹೆಸರಿನಲ್ಲೇ ಪ್ಯಾನ್ ಕಾರ್ಡು ಮತ್ತು ಬ್ಯಾಂಕ್ ಖಾತೆ ತೆರೆಯುತ್ತವೆ. ಪ್ರತಿ ಸಂಭಾವನೆಯಲ್ಲಿ ಒಂದು ಪಾಲನ್ನು ವಾದ್ಯಗಳ ದುರಸ್ತಿಗೆ ಮೊದಲೇ ತೆಗೆದಿಟ್ಟು ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳುವುದು ಸಾಮಾನ್ಯ ಪದ್ಧತಿ. ಹಾಡಿನ ಹಕ್ಕಿನ ಪಾಲನ್ನು ಮಾತ್ರ ಹಾಡು ಹಾಡಿಗೂ ಬೇರೆಬೇರೆಯಾಗಿ, ಅದನ್ನು ಮೊದಲ ಸಲ ವೇದಿಕೆಗೆ ತರುವ ಮುನ್ನ, ಬರೆದಿಟ್ಟುಕೊಳ್ಳುತ್ತಾರೆ.